ಹಳದಿ ಅಕ್ಕನ ಐದನೆಯ ಪ್ರಶ್ನೆ

"ತಿಂಗಳು ತಪ್ಪಿದೆಯಾ?"

ಎದುರಿಗೆ ಕೂತಿದ್ದವನು ಎಮ್ಮೆಯಂಥ ಕುತ್ತಿಗೆಯ, ಮುಖದ ತುಂಬ ಗಡ್ಡ ಬಿಟ್ಟ ಆಸಾಮಿ. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಇನ್ನು ಹದಿನೈದು ದಿನಕ್ಕೆ ವಿಮಾನ ಹತ್ತಿ, ಯಾವುದೋ ದೂರದ ಬಂದರಿನಲ್ಲಿ ತನ್ನ ಹಡಗು ಸೇರಿಕೊಳ್ಳಬೇಕಿತ್ತು. ಅವನು ಒಮ್ಮೆ ಮುಚ್ಚಿದ ಬಾಗಿಲ ಕಡೆ, ಒಮ್ಮೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡ.

"ನನಗಾ ಕೇಳಿದ್ದು?"

"ಈ ರೂಮಲ್ಲಿ ಇನ್ಯಾರಿದ್ದಾರೆ?"

"ಇಲ್ಲ ಅಕ್ಕಾ. ಸದ್ಯಕ್ಕೆ ತಪ್ಪಿಲ್ಲ."

"ನಗಬೇಡಿ. ಆರನೇದು. ಮಗುಗೆ ಹಾಲು ಕುಡಿಸ್ತಿದ್ದೀರಾ?"

ಮೀಸೆ ಹೊತ್ತವರನ್ನೂ ಬಿಡದೆ ಏಳಕ್ಕೆ ಏಳೂ ಪ್ರಶ್ನೆ ಕೇಳುವ ಈ ನರ್ಸಮ್ಮನಿಗೆ ಊರವರು ಇಟ್ಟ ಹೆಸರು ಹಳದಿ ಅಕ್ಕ. ಅವಳು ಚುಚ್ಚುವುದು ಹಳದಿ ಜ್ವರದ ಲಸಿಕೆ. ಚುಚ್ಚಿದ ಮೇಲೆ ಸಹಿ ಹಾಕಿ ಕೊಡುವುದು ಅಂಗೈಯಗಲದ ಹಳದಿ ಪುಸ್ತಕ. ಆ ಜ್ವರ ಇರುವ ನಾಡುಗಳಿಗೆ ಹೊರಟವರು ಈ ಪುಸ್ತಕ ತೋರಿಸದಿದ್ದರೆ ವಿಮಾನ ಹತ್ತುವ ಹಾಗಿಲ್ಲ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆಯುವವರೆಗೆ ಆ ಪುಸ್ತಕಕ್ಕೂ ಬೆಲೆಯಿಲ್ಲ.

ಆರೋಗ್ಯ ಕಚೇರಿಯ ಎರಡನೆಯ ಮಹಡಿಯಲ್ಲಿ, ಮೆಟ್ಟಿಲಿಗೆ ತಾಗಿದ ಕೋಣೆ ಅವಳದು. ಗಾಜು ಹೊದಿಸಿದ ಮೇಜು, ಒಳಗಿನ ತಂಪು ಎಷ್ಟಿದೆಯೆಂದು ದಿನಕ್ಕೆರಡು ಸಲ ಬರೆದಿಡುವ ಫ್ರಿಜ್ಜು, ಹೊರಗೆ ಪಡಸಾಲೆಯಲ್ಲಿ ಸಾಲಾಗಿ ಹತ್ತು ಕುರ್ಚಿ. ಸೂಜಿ ಹಾಕಿಸಿಕೊಂಡವರು ಆ ಕುರ್ಚಿಗಳಲ್ಲಿ ಅರ್ಧ ಗಂಟೆ ಕೂರಲೇಬೇಕು. ಮೈಗೆ ಒಗ್ಗದೆ ಯಾರಾದರೂ ಕುಸಿದರೆ ಅಲ್ಲೇ ಕೈಗೆ ಸಿಗಬೇಕು. ಕೂತು ಎದ್ದವರಿಗೆ ಮಾತ್ರ ಅವಳ ಹಸಿರು ಪೆನ್ನಿನ ಸಹಿ. ಮಂತ್ರಿಯ ಭಾವಮೈದುನನೇ ಬಂದರೂ ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಆ ಪೆನ್ನು ಮುಚ್ಚಳ ಬಿಚ್ಚಿದ್ದಿಲ್ಲ. ಒಂದು ಬಾಟಲಿ ಮದ್ದು ಹತ್ತು ಜನಕ್ಕೆ. ಒಮ್ಮೆ ಕಲಸಿದರೆ ಆರು ಗಂಟೆಯೊಳಗೆ ಮುಗಿಸಬೇಕು, ಇಲ್ಲವೆ ಚೆಲ್ಲಬೇಕು. ಹಾಗಾಗಿ ಸೋಮವಾರ, ಗುರುವಾರ ಮಾತ್ರ ಬಾಟಲಿ ಒಡೆಯುವುದು, ಅದೂ ಹತ್ತು ತಲೆ ಸೇರಿದ ಮೇಲೆ. ಒಂಬತ್ತು ಜನ ಬಂದು ಕೂತು, ಹತ್ತನೆಯವರಿಗಾಗಿ ಮೆಟ್ಟಿಲ ಕಡೆ ಕಣ್ಣು ನೆಟ್ಟು ಕಾಯುವುದು ಅಲ್ಲಿ ಮಾಮೂಲು.

ಈ ಕೋಣೆಗೆ ಬರುವ ಮುಂಚೆ ಹದಿನಾಲ್ಕು ವರ್ಷ ಅವಳು ಗಲ್ಲಿಗಲ್ಲಿ ತಿರುಗಿ ಕೂಸುಗಳಿಗೆ ಲಸಿಕೆ ಹಾಕಿದವಳು. ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಹೊತ್ತು ಎಡ ಹೆಗಲಲ್ಲಿ ಪಟ್ಟಿಯ ಗೆರೆ ಇನ್ನೂ ಇದೆ. ಬಸ್ ಡಿಪೋದಲ್ಲಿ ಟೈರು ಬದಲಿಸುತ್ತಿದ್ದ ಗಂಡ ಹೋಗಿ ಹನ್ನೊಂದು ವರ್ಷ. ಮನೆಯಲ್ಲಿ ಮಗ, ಸೊಸೆ, ಮೂರು ದಾಟಿದ ಮೊಮ್ಮಗಳು. ಮಗ ಶಾಲೆಯಲ್ಲಿ ಆಟದ ಮೇಷ್ಟ್ರು. ಸೊಸೆ ಲಿಫ್ಟ್ ಮೆಕ್ಯಾನಿಕ್; ಮನೆಯ ಸ್ಕ್ರೂಡ್ರೈವರುಗಳಿಗೆಲ್ಲ ಅವಳೇ ಒಡತಿ.

ಆ ವರ್ಷ ಊರಿನಲ್ಲಿ ಸೂಜಿಯ ಜಗಳ ಹೊತ್ತಿಕೊಂಡಿತು. ಫುಟ್‌ಬಾಲ್ ತಂಡವೊಂದನ್ನು ವಿಮಾನ ನಿಲ್ದಾಣದಿಂದ ವಾಪಸು ಕಳಿಸಿದ್ದರು. ಪುಸ್ತಕಗಳಿಗೆ ಆರೇ ದಿನ ವಯಸ್ಸಾಗಿತ್ತು. ಬ್ಯಾಗುಗಳ ಮೇಲೆ ಜೋಲು ಮುಖ ಹಾಕಿಕೊಂಡು ಕೂತ ಹುಡುಗರ ಫೋಟೋ ಪತ್ರಿಕೆಯಲ್ಲಿ ಬಂತು. ಟಿಕೆಟ್ ಮಾಡಿಸಿಕೊಟ್ಟ ಟ್ರಾವೆಲ್ ಏಜೆಂಟ್ ಮಾರನೆಯ ದಿನವೇ ಮೈಕ್ ಹಿಡಿದ. "ನನ್ನ ತೋಳು, ನನ್ನಿಷ್ಟ! ಸೂಜಿ ನಿಯಮ ತೊಲಗಲಿ!" ಎಂಬ ಬ್ಯಾನರು ಅವನ ಅಂಗಡಿಯ ಮುಂದೆಯೇ ಏರಿತು. ಅದಕ್ಕೆ ಎದುರಾಗಿ ಇನ್ನೊಂದು ಗುಂಪು, "ಪುಸ್ತಕ ಇಲ್ಲದವರನ್ನು ನಮ್ಮ ಮಕ್ಕಳ ಪಕ್ಕದ ಸೀಟಿನಲ್ಲಿ ಕೂರಿಸಬೇಡಿ" ಎಂದು ಗೋಡೆಗೋಡೆಗೆ ಅಂಟಿಸಿತು.

"ಪಕ್ಕ ಕೂತ್ರೆ ಬರಲ್ಲ ಕಣ್ರೀ ಅದು, ಸೊಳ್ಳೆ ಕಚ್ಚಿದ್ರೆ ಬರೋದು" ಎಂದು ಹಳದಿ ಅಕ್ಕ ಬಸ್ಸಿನಲ್ಲಿ ಇಬ್ಬರಿಗೆ ಹೇಳಿದಳು. ಇಬ್ಬರೂ ಅವಳನ್ನು ಎದುರು ಗುಂಪಿನವಳೆಂದು ತಿಳಿದು ಮುಖ ತಿರುಗಿಸಿದರು.

ಈ ಎರಡು ಗುಂಪುಗಳ ನಡುವೆ ಗಡಿಯಾರ ಸಾಹೇಬರು ಬಂದರು. ಆರೋಗ್ಯ ಕಚೇರಿಯ ಹೊಸ ಮೇಲಧಿಕಾರಿ. ಯಾರ ಜೊತೆ ಮಾತಾಡುವಾಗಲೂ ಕಣ್ಣು ಮಣಿಕಟ್ಟಿನ ಮೇಲೇ ಇರುತ್ತಿದ್ದುದರಿಂದ ಆ ಹೆಸರು. ಅವರ ಯೋಜನೆ ಸರಳವಾಗಿತ್ತು: ನಿಯಮ ಇರಲಿ, ಕೋಣೆ ಬೇಡ. ಟಿಕೆಟ್ ಮಾರುವ ಜಾಗಗಳಲ್ಲೇ ಕೌಂಟರು, ತಲೆಗೆ ಎರಡು ನಿಮಿಷ. ಪ್ರಶ್ನೆ ಕೇಳುವ ರಗಳೆ ಇಲ್ಲ, 'ನನಗೆ ಯಾವ ತೊಂದರೆಯೂ ಇಲ್ಲ' ಎಂಬ ಒಂದು ಸಾಲಿನ ಕೆಳಗೆ ಸಹಿ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾರ್ವಜನಿಕ ಸಭೆ. ಅಲ್ಲಿ ದೊಡ್ಡ ವಿರೋಧ ಬರದಿದ್ದರೆ ಮುಂದಿನ ತಿಂಗಳಿಂದ ಏಳು ಪ್ರಶ್ನೆಗಳ ಹಾಳೆಯೇ ರದ್ದು. ಮಾತಾಡುವವರ ಪಟ್ಟಿಯಲ್ಲಿ ಹಳದಿ ಅಕ್ಕನಿಗೂ ಮೂರು ನಿಮಿಷ ಸಿಕ್ಕಿತು.

ಮೂರು ನಿಮಿಷದಲ್ಲಿ ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಅದು ಅವಳೊಬ್ಬಳೇ ಹೇಳಬಹುದಾದ ಮಾತಾಗಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಒಂದು ಗುರುವಾರ. ಒಂಬತ್ತು ಜನ ಬಂದು ಕೂತಿದ್ದರು. ಮೆಟ್ಟಿಲೇರಿ ಬಂದ ಹತ್ತನೆಯವಳು ಸೊಸೆಯೇ, ಕಂಪನಿಯ ನೀಲಿ ಅಂಗಿಯಲ್ಲಿ. ದೂರದ ನಾಡಿನಲ್ಲಿ ಆರು ಮಹಡಿಯ ಆಸ್ಪತ್ರೆಯೊಂದಕ್ಕೆ ಲಿಫ್ಟ್ ಕೂರಿಸಲು ಅವಳನ್ನು ಕಳಿಸುತ್ತಿದ್ದರು. "ಹತ್ತನೆಯವಳು ನಾನೇ ಅತ್ತೆ, ಬಾಟಲಿ ಒಡೀರಿ" ಎಂದು ನಗುತ್ತ ತೋಳು ಮಡಚಿದಳು.

ಅಕ್ಕ ಹಾಳೆ ತೆಗೆದಳು. ಜ್ವರ ಇದೆಯಾ? ಇಲ್ಲ. ಮೊಟ್ಟೆ ತಿಂದರೆ ಮೈಗೆ ಆಗುತ್ತಾ? ಬೆಳಿಗ್ಗೆ ತಾನೇ ಎರಡು ಮೊಟ್ಟೆ ಒಡೆದು ಹಾಕಿಕೊಟ್ಟವಳು, ಅದನ್ನೇನು ಕೇಳುವುದು. ಮೂರು, ನಾಲ್ಕು ಮುಗಿದವು. ಐದಕ್ಕೆ ಬಂದಾಗ ನಾಲಿಗೆ ನಿಂತಿತು. ಮದುವೆಯಾಗಿ ಮೂರು ವರ್ಷ. ಕಂಡವರೆಲ್ಲ ಆ ಹುಡುಗಿಯ ಹೊಟ್ಟೆಯ ಕಡೆ ಕಣ್ಣು ಹಾಯಿಸಿ "ಏನಮ್ಮಾ, ಏನಾದ್ರೂ ವಿಶೇಷ?" ಎಂದು ಕೇಳಿ ಕೇಳಿ ಅವಳನ್ನು ಹಣ್ಣು ಮಾಡಿದ್ದರು. ಒಮ್ಮೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದನ್ನು ಅಕ್ಕ ಕೇಳಿಸಿಕೊಂಡಿದ್ದಳು. ಎಲ್ಲರೂ ಕೇಳಲಿ, ನಾನು ಮಾತ್ರ ಕೇಳಬಾರದು ಎಂದು ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು. ಅತ್ತೆಯ ಬಾಯಲ್ಲಿ ಆ ಪ್ರಶ್ನೆ ಚುಚ್ಚಿದ ಹಾಗೇ ಕೇಳಿಸುತ್ತದೆ. ಇದ್ದಿದ್ದರೆ ಅವಳೇ ಹೇಳದೆ ಇರುತ್ತಾಳೆಯೇ? ಅಕ್ಕ ಐದರ ಮುಂದೆ ತಾನೇ 'ಇಲ್ಲ' ಎಂದು ಬರೆದು, ಸ್ಪಿರಿಟ್ಟಿನ ಹತ್ತಿಗೆ ಕೈ ಹಾಕಿದಳು.

ಹದಿನೆಂಟು ದಿನದ ಮೇಲೆ ದೂರದಿಂದ ಫೋನು ಬಂತು. ಸೊಸೆ ಒಂದೇ ಉಸಿರಿನಲ್ಲಿ ನಗುತ್ತಲೂ ಅಳುತ್ತಲೂ ಇದ್ದಳು. ಲೆಕ್ಕ ಹಾಕಿದರೆ, ಸೂಜಿಯ ದಿನಕ್ಕೆ ಆಗಲೇ ತಿಂಗಳು ತಪ್ಪಿ ಎಂಟು ದಿನವಾಗಿತ್ತು.

"ಓಡಾಟಕ್ಕೆ ಹಾಗಾಗಿದೆ ಅಂದ್ಕೊಂಡಿದ್ದೆ ಅತ್ತೆ. ಕೇಳಿದ್ರೆ ಹೇಳ್ತಿದ್ದೆ."

ಕೇಳಿದ್ರೆ ಹೇಳ್ತಿದ್ದೆ. ಸೊಸೆ ಅದನ್ನು ಬೈಗುಳವಾಗಿ ಆಡಿರಲಿಲ್ಲ. ಆದರೂ ಅಕ್ಕ ಅದನ್ನು ಬೈಗುಳವಾಗಿಯೇ ಕೇಳಿಸಿಕೊಂಡಳು. ಅದು ಜೀವಂತ ಲಸಿಕೆ, ಶಕ್ತಿ ಕುಗ್ಗಿಸಿದ ರೋಗಾಣು ಅದರಲ್ಲಿ ಬದುಕಿಯೇ ಇರುತ್ತದೆ. ಬಸುರಿಯರಿಗೆ ತೀರ ಅನಿವಾರ್ಯವಾದರೆ ಮಾತ್ರ, ವೈದ್ಯರು ಕೂತು ಯೋಚಿಸಿ ಕೊಡುವಂಥದ್ದು. ಕೇಳಿದ್ದರೆ, ಸೊಸೆಯ ಜಾಗಕ್ಕೆ ಕಂಪನಿ ಇನ್ನೊಬ್ಬರನ್ನು ಕಳಿಸುತ್ತಿತ್ತು, ಅಷ್ಟೆ. "ಹೆಚ್ಚಿನ ಸಲ ಏನೂ ಆಗಲ್ಲ ಸಿಸ್ಟರ್" ಎಂದರು ಡಾಕ್ಟರು. ಏನೂ ಆಗಲ್ಲ ಎನ್ನುವುದು ಅವಳಿಗೆ ಕೇಳಿಸಲೇ ಇಲ್ಲ. ಹೆಚ್ಚಿನ ಸಲ ಎನ್ನುವುದೊಂದೇ ಎಂಟು ತಿಂಗಳು ಕಿವಿಯಲ್ಲಿ ಗುಂಯ್‌ಗುಟ್ಟಿತು. ಸ್ಕ್ಯಾನಿಂಗಿಗೆ ಹೋದ ಸೊಸೆ ಹತ್ತು ನಿಮಿಷ ತಡವಾಗಿ ಹೊರಬಂದರೆ ಇವಳು ಎದ್ದು ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. ಹೊಟ್ಟೆಯಲ್ಲಿ ಕೂಸು ಒದೆಯದ ಒಂದು ಮಧ್ಯಾಹ್ನ ಅವಳು ಊಟದ ತಟ್ಟೆ ಮುಂದಿಟ್ಟುಕೊಂಡು ಹಾಗೇ ಕೂತಿದ್ದಳು. ಕೊನೆಗೆ ಮೂರು ಕಿಲೋ ತೂಗುವ ಹೆಣ್ಣುಕೂಸು ಕೋಣೆ ಹಾರಿಹೋಗುವಂತೆ ಕಿರುಚಿಕೊಂಡು ಹುಟ್ಟಿತು. ಅಕ್ಕ ಅದರ ಬೆರಳುಗಳನ್ನು ಎರಡು ಸಲ ಎಣಿಸಿದಳು. ಸಾಲದೆಂಬಂತೆ ಸಂಜೆ ಇನ್ನೊಂದು ಸಲ.

"ಏನೂ ಆಗಿಲ್ವಲ್ಲ, ಬಿಟ್ಹಾಕಿ" ಎಂದರು ಡಾಕ್ಟರು. ಮನೆಯಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಆದರೆ ಅಂದಿನಿಂದ ಆ ಕೋಣೆಯಲ್ಲೊಂದು ಪದ್ಧತಿ ಶುರುವಾಯಿತು. ಜೊತೆಗೆ ಬಂದವರೆಲ್ಲ ಹೊರಗೆ: ಗಂಡ, ಅತ್ತೆ, ತಾಯಿ, ಯಾರಾದರೂ ಸರಿ. ಬಾಗಿಲು ಮುಚ್ಚಬೇಕು. ಏಳು ಪ್ರಶ್ನೆ ಎಲ್ಲರಿಗೂ. ಇವರಿಗಿದು ಕೇಳಬೇಕು, ಇವರಿಗೆ ಬೇಡ ಎಂದು ತೀರ್ಮಾನಿಸುವ ಹಕ್ಕನ್ನು ಅವಳು ತನ್ನ ಕೈಯಿಂದ ತಾನೇ ಕಿತ್ತುಕೊಂಡಿದ್ದಳು. ಗಂಡಸರು ನಗಲಿ. ನಕ್ಕರೆ ಯಾರಿಗೂ ಏನೂ ಆಗುವುದಿಲ್ಲ.

ಶುಕ್ರವಾರ ಸಂಜೆ ಸೊಸೆ ನೆಲದ ಮೇಲೆ ಕೂತು ಮಗಳ ಬೊಂಬೆ ಕಾರಿನ ಹೊಟ್ಟೆ ಬಿಚ್ಚಿದ್ದಳು. ಮಗಳು ಪಕ್ಕದಲ್ಲಿ ಸ್ಕ್ರೂಗಳನ್ನು ಕಾಯುತ್ತಿದ್ದಳು.

"ಒಂದು ಮಾತು ಕೇಳ್ಬೇಕಿತ್ತು" ಎಂದಳು ಅಕ್ಕ.

"ಕೇಳಿ ಅತ್ತೆ."

"ನಾಳೆ ಸಭೇಲಿ ಅದನ್ನ ಹೇಳ್ಲಾ? ಐದನೇದು?"

ಸ್ಕ್ರೂಡ್ರೈವರು ನಿಂತಿತು. "ಬೇಡ."

"ಪೂರ್ತಿ ಕೇಳು..."

"ಬೇಡ ಅತ್ತೆ. ನನ್ನ ಬಸಿರನ್ನ ಮೈಕಲ್ಲಿ ಹಾಕ್ತೀರಾ? ನಾಳಿದ್ದು ಇವಳು ಶಾಲೆಗೆ ಹೋದ್ರೆ 'ಅದೇ ಸೂಜಿ ಮಗು ನೋಡು' ಅಂತಾರೆ. ನೆಗಡಿ ಬಂದ್ರೂ ಅದರಿಂದಾನೇ ಅಂತಾರೆ. ಈಗಲೇ ಇವಳು ಒಂದು ಸಲ ಸೀನಿದ್ರೆ ನಾನು ಮೂರು ಸಲ ಹಣೆ ಮುಟ್ಟಿ ನೋಡ್ತೀನಿ. ಊರವರ ಕೈಯೂ ಇವಳ ಹಣೆ ಮೇಲೆ ಯಾಕೆ? ಅದರ ಮೇಲೆ ನಿಮ್ಮ ಕೆಲಸಕ್ಕೂ ಕುತ್ತು."

"ಕೆಲಸ ನಂದು. ಹೋದ್ರೆ ನಾನು ನೋಡ್ಕೋತೀನಿ. ಹೊಟ್ಟೆ ನಿಂದು, ಅದಕ್ಕೇ ಕೇಳ್ತಿರೋದು. ಆವತ್ತು ಕೇಳ್ಲಿಲ್ಲ."

"ಇವತ್ತು ಕೇಳಿದ್ರಿ. ಬೇಡ ಅಂದೆ."

ಅಕ್ಕನ ನಾಲಿಗೆಯ ತುದಿಯಲ್ಲಿ ಹತ್ತು ವಾದಗಳಿದ್ದವು. ಎಲ್ಲವನ್ನೂ ನುಂಗಿಕೊಂಡಳು. ಕೇಳುವುದು ಎಂದ ಮೇಲೆ ಸಿಕ್ಕ ಉತ್ತರ ಬರೆದುಕೊಳ್ಳಬೇಕು. "ಆಯ್ತು" ಎಂದು ಕೆಳಗೆ ಬಗ್ಗಿ, ಮಂಚದಡಿ ಉರುಳಿದ್ದ ಒಂದು ಸ್ಕ್ರೂ ಹುಡುಕಿ ಮೊಮ್ಮಗಳ ಕೈಗಿತ್ತಳು.

ಸಭೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಗಡೆ ಏಜೆಂಟನ ಕಡೆಯವರು, ಬಲಗಡೆ ಗೋಡೆಗೆ ಅಂಟಿಸುವವರು, ನಡುವೆ ಫ್ಯಾನಿನ ಕೆಳಗೆ ಜಾಗ ಸಿಗಲೆಂದು ಬಂದವರು. ಏಜೆಂಟ್ ಹತ್ತು ನಿಮಿಷ ಗುಡುಗಿ ಬೆವರೊರೆಸಿಕೊಂಡ. ಆಮೇಲೆ ಎದ್ದ ಗಡಿಯಾರ ಸಾಹೇಬರು ಗುಡುಗಲಿಲ್ಲ, ನಗಿಸಿದರು.

"ನಮ್ಮ ಎರಡನೇ ಮಹಡೀಲಿ ಒಬ್ರು ಸಿಸ್ಟರ್ ಇದ್ದಾರೆ. ತುಂಬಾ ಶ್ರದ್ಧೆ. ಗಡ್ಡ ಬಿಟ್ಟ ಗಂಡಸರನ್ನ ಕೂರಿಸ್ಕೊಂಡು, ತಿಂಗಳು ತಪ್ಪಿದೆಯಾ, ಹಾಲು ಕುಡಿಸ್ತೀರಾ ಅಂತ ಕೇಳ್ತಾರೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಎಡ ಬಲ ಎರಡೂ ಆ ಬೆಳಿಗ್ಗೆ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಹಳದಿ ಅಕ್ಕ ಮೈಕಿನ ಮುಂದೆ ಬಂದು ನಿಂತಳು. "ಹೌದು, ಕೇಳ್ತೀನಿ" ಎಂದಳು. "ಸೋಮವಾರವೂ ಕೇಳ್ತೀನಿ. ಕಾಗದದ ಮೇಲೆ ಬರ್ದಿದ್ದನ್ನ ಯಾರೂ ಓದಲ್ಲ, ಸಹಿ ಹಾಕ್ತಾರೆ. ಬಾಯಲ್ಲಿ ಕೇಳಿದ್ರೆ ನಿಂತು ಯೋಚಿಸ್ತಾರೆ."

"ಸಿಸ್ಟರ್," ಸಾಹೇಬರು ಮಣಿಕಟ್ಟು ನೋಡಿಕೊಂಡರು, "ಇಷ್ಟು ವರ್ಷದಲ್ಲಿ, ಕೇಳದೆ ಚುಚ್ಚಿದ್ದರಿಂದ ಒಬ್ಬರಿಗಾದ್ರೂ ತೊಂದರೆ ಆಗಿದ್ದಿದೆಯಾ? ಒಂದೇ ಒಂದು ಉದಾಹರಣೆ ಕೊಡಿ, ಸಾಕು."

ಅದು ಅವಳ ಹಲ್ಲಿನ ಹಿಂದೆಯೇ ನಿಂತಿತ್ತು. ಒಂದು ಸಲ ಬಾಯಿ ತೆರೆದರೆ ಸಾಕಿತ್ತು. ಏಳು ಪ್ರಶ್ನೆಗಳೂ ಆ ಒಂದು ಮಾತಿಗೆ ಜೋತು ಬಿದ್ದಿದ್ದವು.

"ಇದೆ" ಎಂದಳು. "ಆದ್ರೆ ಹೇಳಲ್ಲ."

"ಹೇಳಲ್ಲ ಅಂದ್ರೆ?"

"ಅದು ನನ್ನೊಬ್ಬಳ ಮಾತಲ್ಲ. ಹೇಳ್ಬೇಡಿ ಅಂದಿದ್ದಾರೆ. ಹೇಳಲ್ಲ."

ಮತ್ತೆ ನಗು. ಯಾರೋ ಶಿಳ್ಳೆ ಹಾಕಿದರು. "ಕಥೆ ಕಟ್ಟೋಕೂ ಬರಲ್ವಲ್ಲ ಅಕ್ಕಾ!" ಎಂದಿತು ಒಂದು ದನಿ. ಅಕ್ಕನ ಕಿವಿ ಕೆಂಪಾಯಿತು. ಆದರೂ ಮೈಕ್ ಬಿಟ್ಟು ಕದಲಲಿಲ್ಲ.

ಆಗ ಹಿಂದಿನ ಬಾಗಿಲ ಬಳಿ ಒಂದು ಮಗು "ಅಜ್ಜೀ!" ಎಂದು ಕೂಗಿತು.

ಬರುವುದಿಲ್ಲ ಎಂದಿದ್ದ ಸೊಸೆ ನಿಂತಿದ್ದಳು, ಸೊಂಟದ ಮೇಲೆ ಮಗಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳಿಗೆ ಮೈಕ್ ಬೇಕಾಗಲಿಲ್ಲ. ಲಿಫ್ಟಿನ ಬುಡದ ಹೊಂಡದೊಳಗಿಂದ ಮೇಲಿನ ಮಹಡಿಗೆ ಕೂಗಿ ಅಭ್ಯಾಸವಿದ್ದ ಗಂಟಲು.

"ಹೇಳ್ಬೇಡಿ ಅಂದವಳು ನಾನು! ಅವರ ಸೊಸೆ. ನೀವು ಕೇಳಿದ ಉದಾಹರಣೆ ನಾನೇ. ಆವತ್ತು ನಮ್ಮತ್ತೆ ಆರು ಪ್ರಶ್ನೆ ಬೇಕಾದ್ರೆ ಬಿಡಬಹುದಿತ್ತು, ಬಿಡಬಾರದ ಒಂದನ್ನೇ ಬಿಟ್ರು. ನಾನು ನೊಂದ್ಕೋತೀನಿ ಅಂತ ಬಿಟ್ರು. ಇವಳು ನನ್ನ ಹೊಟ್ಟೇಲಿದ್ಲು. ನನಗೂ ಗೊತ್ತಿರ್ಲಿಲ್ಲ. ಕೇಳಿದ್ರೆ ಲೆಕ್ಕ ಹಾಕಿ ಹೇಳ್ತಿದ್ದೆ." ಮಗಳನ್ನು ಇನ್ನಷ್ಟು ಮೇಲೆ ಏರಿಸಿಕೊಂಡಳು. "ಇವಳಿಗೆ ಏನೂ ಆಗಿಲ್ಲ, ನೋಡ್ಕೊಳ್ಳಿ. ಚೆನ್ನಾಗಿ ನೋಡ್ಕೊಳ್ಳಿ. ಆದ್ರೆ ಎಂಟು ತಿಂಗಳು ನಮ್ಮನೇಲಿ ಯಾರೂ ಸರಿಯಾಗಿ ಉಂಡಿಲ್ಲ. ನಿಮ್ಮ ಎರಡು ನಿಮಿಷ ಉಳಿಸೋಕೆ ಇನ್ನೊಬ್ಬಳು ಆ ಎಂಟು ತಿಂಗಳು ಕಳೀಬೇಕಾ?"

ಏಜೆಂಟ್ ಸ್ಪ್ರಿಂಗಿನಂತೆ ಎದ್ದ. "ಕೇಳಿಸ್ಕೊಂಡ್ರಾ? ಸೂಜಿ ಚುಚ್ಚೋರ ಮನೆಯವರೇ ಹೇಳ್ತಿದ್ದಾರೆ! ಇದಕ್ಕೇ ನಿಯಮ ಬೇಡ ಅನ್ನೋದು!"

"ಕೂತ್ಕೊಳ್ಳಿ ಏಜೆಂಟರೇ" ಎಂದಳು ಅಕ್ಕ. ಮೂರು ನಿಮಿಷದ ಗಂಟೆ ಹೊಡೆಯಿತು. "ಹೊಡೀಲಿ ಬಿಡಿ ಗಂಟೆ. ಸೂಜಿ ಬೇಡ ಅಂತ ಅವಳು ಹೇಳ್ಲಿಲ್ಲ, ನಾನೂ ಹೇಳಲ್ಲ. ಆ ಜ್ವರ ಬಂದ ಮೇಲೆ ಅದನ್ನ ವಾಸಿ ಮಾಡೋ ಮದ್ದಿಲ್ಲ, ಬರೋಕೆ ಮುಂಚೆ ತಡೀಬೇಕು ಅಷ್ಟೆ. ನಿಮ್ಮ ಫುಟ್‌ಬಾಲ್ ಹುಡುಗರು ವಾಪಸ್ ಬಂದಿದ್ದು ನಿಯಮದಿಂದಲ್ಲ. ಹತ್ತು ದಿನ ಮುಂಚೆ ಸೂಜಿ ಹಾಕಿಸ್ಕೊಳ್ಳಿ ಅಂತ ನೀವು ಹೇಳದೆ ಟಿಕೆಟ್ ಕೊಟ್ಟಿದ್ದರಿಂದ. ಅದನ್ನ ಬ್ಯಾನರಲ್ಲಿ ಬರ್ಸಿ."

ಈಗ ಬಲಗಡೆಯವರು ಚಪ್ಪಾಳೆ ತಟ್ಟಿದರು. ಅವಳು ಅತ್ತ ತಿರುಗಿದಳು.

"ನೀವು ತಟ್ಟಬೇಡಿ. ಪಕ್ಕ ಕೂತ್ರೆ ಬರುತ್ತೆ ಅಂತ ಊರೆಲ್ಲ ಅಂಟಿಸಿದ್ದು ನೀವು. ಸಾಹೇಬ್ರೇ, ನೀವು ಉದಾಹರಣೆ ಕೇಳಿದ್ರಿ. ಸಿಕ್ತು. ತಪ್ಪು ನಂದು. ರಿಜಿಸ್ಟರಲ್ಲಿ ನನ್ನ ಹಸಿರು ಪೆನ್ನಲ್ಲೇ ಇದೆ, ಬಂದು ನೋಡಿ, ಏನು ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ಒಂದು ತಿಳ್ಕೊಳ್ಳಿ. ಹಾಕಿಸ್ಕೊಳ್ಳದಿದ್ರೆ ವಿಮಾನ ಇಲ್ಲ ಅಂತೀರಿ. ಬೇಡ ಅನ್ನೋ ದಾರಿ ಮುಚ್ಚಿದ ಮೇಲೆ ಕೇಳೋ ಬಾಗಿಲಾದ್ರೂ ತೆಗೆದಿರ್ಬೇಕು. ಸೂಜಿ ಕಡ್ಡಾಯ ಅಂದ್ರೆ ಕೇಳೋದೂ ಕಡ್ಡಾಯ. ಒಂದನ್ನ ಇಟ್ಕೊಂಡು ಒಂದನ್ನ ಬಿಸಾಕೋಕೆ ನಾನು ಬಿಡಲ್ಲ."

ಎರಡನೆಯ ಗಂಟೆ ಹೊಡೆಯಿತು. ಅವಳು ಮೈಕ್ ಆರಿಸಿ ಕೆಳಗಿಳಿದಳು.

ಸಭೆ ಅಂದು ಏನನ್ನೂ ತೀರ್ಮಾನಿಸಲಿಲ್ಲ. ಏಳು ಪ್ರಶ್ನೆಗಳ ಮಾತು ಒಂದು ತಿಂಗಳು ಮುಂದಕ್ಕೆ ಹೋಯಿತು. ಸೋಮವಾರ ಬೆಳಿಗ್ಗೆ ಅಕ್ಕ ಕೋಣೆಯ ಬೀಗ ತೆಗೆಯುವಾಗ ಬಾಗಿಲ ಚಿಲಕಕ್ಕೆ ಒಂದು ಲಕೋಟೆ ಸಿಕ್ಕಿಸಿತ್ತು. ನಾಲ್ಕು ವರ್ಷದ ಹಿಂದಿನ ಲೋಪಕ್ಕಾಗಿ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಮೂರು ದಿನದೊಳಗೆ ಉತ್ತರಿಸಿ. ಅವಳಿಗೆ ಮೂರು ದಿನ ಬೇಕಿರಲಿಲ್ಲ. ಫ್ರಿಜ್ಜಿನ ತಂಪು ಬರೆದಿಟ್ಟು, ಅದೇ ಹಸಿರು ಪೆನ್ನಿನಲ್ಲಿ ನೋಟಿಸಿನ ಕೆಳಗೇ ಬರೆದಳು: 'ಕೈಗೊಳ್ಳಬಹುದು. ಐದನೆಯ ಪ್ರಶ್ನೆ ನಾನು ಕೇಳಲಿಲ್ಲ. ಪ್ರಶ್ನೆಗಳನ್ನು ತೆಗೆಯಬೇಡಿ.' ಅದನ್ನು ಮೇಜಿನ ಗಾಜಿನ ಕೆಳಗೆ, ಎಲ್ಲರಿಗೂ ಕಾಣುವಂತೆ ಇಟ್ಟಳು. ಮಧ್ಯಾಹ್ನ ಮೇಲಿನ ಕಚೇರಿಗೆ ಕೊಟ್ಟರಾಯಿತು.

ಎಂದಿನ ಹೊತ್ತಿಗೆ ಒಂಬತ್ತು ಜನ ಸೇರಿದರು. ಹತ್ತನೆಯವರಿಗಾಗಿ ಎಲ್ಲರೂ ಮೆಟ್ಟಿಲ ಕಡೆ ನೋಡುತ್ತಿದ್ದಾಗ ಏದುಸಿರು ಬಿಡುತ್ತ ಮೇಲೆ ಬಂದವನು ಏಜೆಂಟ್.

"ಏನ್ರೀ, ನಿಯಮ ತೊಲಗಲಿ ಅಂದವರು?"

"ಇನ್ನೂ ತೊಲಗಿಲ್ವಲ್ಲ ಅಕ್ಕಾ" ಎಂದ ಅವನು, ನೆಲ ನೋಡುತ್ತ. "ಹನ್ನೆರಡು ದಿನಕ್ಕೆ ಟಿಕೆಟ್ ಇದೆ."

"ಪರವಾಗಿಲ್ಲ, ಲೆಕ್ಕ ಕಲ್ತಿದ್ದೀರಿ."

ಹೊರಗಿನ ಕುರ್ಚಿಗಳು ನಕ್ಕವು. ಅವನು ಒಳಗೆ ಬಂದು ಕೂತು, ತೋಳು ಮಡಚಿದ. ಗಾಜಿನ ಕೆಳಗಿನ ಕಾಗದದ ಮೇಲೆ ಅವನ ಕಣ್ಣು ಬಿತ್ತು, ಕೊನೆಯವರೆಗೆ ಓದಿದ. ಅಕ್ಕ ಬಾಗಿಲು ಮುಚ್ಚಿ ಬಂದು ಹಾಳೆ ಎಳೆದುಕೊಂಡಳು. ಜ್ವರ, ಮೊಟ್ಟೆ, ಮಾತ್ರೆ, ಹಿಂದೆ ಸೂಜಿ ಹಾಕಿಸಿಕೊಂಡಾಗ ತಲೆ ಸುತ್ತಿತ್ತೇ ಎನ್ನುವುದು, ನಾಲ್ಕೂ ಮುಗಿದವು. ಅವಳು ಪೆನ್ನೆತ್ತಿ ಅವನ ಮುಖ ನೋಡಿದಳು.

"ಕೇಳ್ದೆ ಬಿಟ್ಬಿಡ್ತೀರೇನೋ ಅಂದ್ಕೊಂಡೆ" ಎಂದ ಅವನು ಮೆಲ್ಲಗೆ.

"ತಿಂಗಳು ತಪ್ಪಿದೆಯಾ?"

"ಇಲ್ಲ."

ಐದರ ಮುಂದೆ ಅವನು ಹೇಳಿದ್ದನ್ನೇ ಬರೆದುಕೊಂಡಳು.

"ಆರನೇದು" ಎಂದಳು.